ಏಡಿ ಕಾಲಿನ ಜಗಳ

ನೀವು ಯಾವತ್ತಾದ್ರೂ ಏಡೀನ ಕೈಲಿ ಹಿಡ್ಕಂಡು "ನೋವಾಯ್ತೇನಪ್ಪ" ಅಂತ ಕೇಳಿದೀರಾ? ಇಲ್ಲ ತಾನೆ? ಸಾರು ಮಾತ್ರ ಸುರ್ ಅಂತ ಹೀರಿರ್ತೀರಿ. ನಾನೂ ಹಂಗೇ ಇದ್ದೆ ಬಿಡಿ, ಹೋದ ಮಳೆಗಾಲದವರ್ಗೂ.

ನಮ್ಮಣ್ಣ ಇರೋದು ಯಸಳೂರು ಕಡೆ. ಗದ್ದೇಲಿ ಏಡಿ ಓಡಾಡಕ್ಕೆ ಶುರುವಾದ್ರೆ ಸಾಕು, ಒಂದು ಚೀಲ ತುಂಬ್ಕಂಡು ಬಸ್ ಹತ್ತಿ ಸಕಲೇಶಪುರಕ್ಕೆ ನಮ್ಮನೆಗೆ ಬಂದ್ಬುಡ್ತಾನೆ. ನಮ್ಮತ್ತಿಗೆ ಮಾಡೋ ಏಡಿ ಸಾರು ಅವನಿಗೆ ಹಿಡಿಸಲ್ಲ, ನನ್ನ ಕೈದೇ ಆಗ್ಬೇಕು. ಅತ್ತಿಗೆ ಇದನ್ನ ಓದಿದ್ರೆ ಓದ್ಲಿ.

ಹೋದ ಮಳೆಗಾಲದಲ್ಲಿ ಅವನು ಹಂಗೆ ಬಂದ ದಿನ ಮೊಮ್ಮಗಳೂ ಮನೇಲಿದ್ಲು. ಹಾಸನದಲ್ಲಿ ದನದ ಡಾಕ್ಟ್ರಿಗೆ ಓದ್ತವ್ಳೆ. ಚಿಕ್ಕೋಳಿದ್ದಾಗ ನನ್ನ ತಟ್ಟೇಲೇ ಕೂತು ಏಡಿ ಚಿಪ್ಪು ಚೀಪ್ತಿದ್ದೋಳು, ಓದಕ್ಕೆ ಹೋದ್ಮೇಲೆ ಮುಟ್ಟಾದೇ ಬಿಟ್ಬುಟ್ಲು. ಕೋಳಿ ತಿಂತಾಳೆ, ಮೀನು ತಿಂತಾಳೆ, ಏಡಿ ಮಾತ್ರ ಬೇಡ. ನಂಗೆ ಅದೇ ಹೊಟ್ಟೆ ಉರಿ. ಇವತ್ತು ಹೆಂಗಾದ್ರೂ ಮಾಡಿ ಇವಳ ತಟ್ಟೆಗೆ ನನ್ನ ಸಾರು ಬೀಳಂಗೆ ಮಾಡ್ಬೇಕು ಅಂತ ಹಠ ಹಿಡ್ದೆ.

ನಮ್ ಕಡೆ ಏಡಿಗೆ ಜೀವ ಇರುವಾಗ್ಲೇ ಕಾಲು ಮುರೀತೀವಿ. ಸಣ್ಣ ಕಾಲೆಲ್ಲ ಒರಳಲ್ಲಿ ಜಜ್ಜಿ, ರಸ ಹಿಂಡಿ ಸಾರಿಗೆ ಬಿಡ್ತೀವಿ. ಅದರಲ್ಲೇ ರುಚಿ ಇರೋದು. ಏಡಿ ಬಿಟ್ಟಿದ್ದ ನೀರಿನ ಬಕೀಟಿನ ಮುಂದೆ ಕೂತು ಒಂದು ಏಡಿ ಎತ್ತಿದ್ದೆ ಅಷ್ಟೆ.

"ಅಜ್ಜಿ, ಇದಕ್ಕೇ ನಾನು ತಿನ್ನಲ್ಲ ಅಂದಿದ್ದು. ಮೊದ್ಲು ಸಾಯ್ಸು, ಆಮೇಲೆ ಮುರಿ" ಅಂದ್ಲು ಮೊಮ್ಮಗಳು.

ಅಣ್ಣ ಕಾಫಿ ಲೋಟ ಕೆಳಗಿಟ್ಟು ನಕ್ಕ. "ಏಡಿಗೆಂಥ ನೋವು ಮಾರಾಯ್ತಿ? ಕಾಲು ಹಿಡ್ಕಂಡ್ರೆ ತಾನಾಗೇ ಕಾಲು ಕಳಚಿ ಬಿಟ್ಟು ಓಡೋಗುತ್ತೆ. ನೋಯಂಗಿದ್ರೆ ಬಿಡ್ತಿತ್ತಾ? ಆಮೇಲೆ ಹೊಸ ಕಾಲು ಬೇರೆ ಬರುತ್ತೆ."

"ಹೌದು ಕಣೇ, ನಾವು ಹುಟ್ಟಿದಾಗಿಂದ ನೋಡಿರೋದು. ನಿನ್ನ ಪುಸ್ತಕದಲ್ಲಿ ಇದನ್ನ ಬರ್ದಿಲ್ವಾ?" ಅಂತ ನಾನೂ ಒಗ್ಗರಣೆ ಹಾಕಿದೆ.

ಈಗ ಇಂಗ್ಲಿಷಲ್ಲಿ ಭಾಷಣ ಶುರುವಾಗುತ್ತೆ ಅಂತ ಕಾಯ್ತಾ ಇದ್ದೆ. ಅವಳು ಸಮಾಧಾನವಾಗಿ, "ಬರ್ದೈತೆ ಅಜ್ಜಿ. ತಾತ ಹೇಳಿದ್ದು ನಿಜ, ಕಾಲು ಬಿಟ್ಟು ಓಡುತ್ತೆ. ಅಷ್ಟಕ್ಕೇ ನೋವಿಲ್ಲ ಅನ್ನಕ್ಕಾಗುತ್ತಾ? ನಂಗೆ ಸರಿಯಾಗಿ ಗೊತ್ತಿಲ್ಲ. ನಾನು ಹೇಳೋದೇ ತಪ್ಪಿರ್ಬೋದು" ಅಂದ್ಲು.

ಡಾಕ್ಟ್ರಿಗೆ ಓದೋ ಹುಡುಗಿ ಬಾಯಲ್ಲಿ "ಗೊತ್ತಿಲ್ಲ". ನಮ್ಮನೇಲಿ ಈ ಮಾತು ಯಾರೂ ಆಡಿದ್ದೇ ಇಲ್ಲ ಕಣ್ರೀ. ನಮ್ಮ ಯಜಮಾನ್ರಂತೂ ದಾರಿ ತಪ್ಪಿ ಯಾರದೋ ಎಸ್ಟೇಟ್ ಒಳಗೆ ನಿಂತಾಗ್ಲೂ ಆಡ್ದೋರಲ್ಲ. ಜಗಳಕ್ಕೆ ಸೆರಗು ಕಟ್ಕಂಡಿದ್ದ ನಂಗೆ ಎದುರಿಗೆ ಯಾರೂ ಇಲ್ದಂಗಾಗೋಯ್ತು.

"ಗೊತ್ತಿಲ್ದಿದ್ರೆ ನೋಡು ಮತ್ತೆ" ಅಂತ, ಗೆದ್ದೇ ಬುಡೋ ಹುರುಪಲ್ಲಿ ಲಟಕ್ ಅಂತ ಒಂದು ಕಾಲು ಮುರಿದು, ಏಡೀನ ವಾಪಸ್ ಬಕೀಟಿಗೆ ಬಿಟ್ಟೆ. "ಹೆಂಗೆ ಓಡಾಡುತ್ತೆ ನೋಡೀಗ."

ಏಡಿ ಓಡಾಡ್ಲಿಲ್ಲ. ಒಂದು ಪಕ್ಕಕ್ಕೆ ಹೋಗಿ, ಕಾಲು ಮುರಿದಿದ್ದ ಕಡೇನ ಬಕೀಟಿಗೆ ಒತ್ತಿಸ್ಕಂಡು ಕೂತ್ಕಂತು. ಮುಂದಿನ ದೊಡ್ಡ ಕಾಲು ಬಗ್ಗಿಸಿ ಆ ಜಾಗಾನ ಸವರ್ಕಂತು. ಬಿಡ್ತು. ಮತ್ತೆ ಸವರ್ಕಂತು. ಇನ್ನೊಂದು ಏಡಿ ಹತ್ರ ಬಂದ್ರೆ ಗಾಯ ತಾಗದಂಗೆ ತಿರುಗ್ಕಂತು.

ಕತ್ತಿ ತಾಗಿದಾಗ ನಾನು ಬೆರಳು ಅದುಮ್ಕಂಡು ಮೂಲೇಲಿ ಕೂರೋದೂ ಹಿಂಗೇ ಅಲ್ವಾ? ಎಷ್ಟು ಮಳೆಗಾಲ ಏಡಿ ಮುರ್ದಿದೀನಿ, ಮುರಿದ ಮೇಲೆ ಒಂದನ್ನಾದ್ರೂ ನೀರಿಗೆ ಬಿಟ್ಟು ನೋಡಿದವಳಲ್ಲ. ಮುರಿದಿದ್ದು ಸೀದಾ ಪಾತ್ರೆಗೆ. ಹುಟ್ಟಿದಾಗಿಂದ ನೋಡಿರೋದು ಅಂತ ಆಗ್ತಾನೆ ಜಂಬ ಕೊಚ್ಚಿದ್ದೆ. ನೋಡೇ ಇರ್ಲಿಲ್ಲ.

"ಅದು ಅದರ ಅಭ್ಯಾಸ" ಅಂದ ಅಣ್ಣ. ದನಿ ಮೊದಲಿನಂಗಿರ್ಲಿಲ್ಲ.

"ಇರ್ಬೋದು ತಾತ" ಅಂದ್ಲು ಅವಳು. "ಗೊತ್ತಿಲ್ಲ ಅಂದ್ಮೇಲೆ ನೋವಾಗುತ್ತೆ ಅಂದ್ಕಂಡೇ ಮಾಡಾಣ, ಅಷ್ಟೆ ನಾನು ಹೇಳೋದು. ಸಾರೇ ಬೇಡ ಅಂದ್ನಾ?"

ಚೂಪಾದ ಚಾಕು ತಂದು, ಹೊಟ್ಟೆ ಕಡೆಯಿಂದ ಎಲ್ಲಿ ಚುಚ್ಚಿದ್ರೆ ಬೇಗ ಜೀವ ಹೋಗುತ್ತೆ ಅಂತ ತೋರಿಸಿದ್ಲು. ಕಾಲು ಮುರಿದಿದ್ದ ಏಡೀನೇ ಮೊದ್ಲು ಹಂಗೆ ಸಾಯ್ಸಿದ್ವಿ. "ಇದೇ ಸರಿ ಅಂತಲ್ಲ ಅಜ್ಜಿ, ಇನ್ನೂ ಒಳ್ಳೆ ದಾರಿ ಗೊತ್ತಾದ್ರೆ ಬದಲಾಯ್ಸಾಣ" ಅಂತ ಬೇರೆ ಸೇರಿಸಿದ್ಲು. ಆಮೇಲೆ ಕಾಲು, ಒರಳು, ರಸ, ಎಲ್ಲ ಮಾಮೂಲಿ.

ಕಡುಬಿನ ಜೊತೆ ಊಟಕ್ಕೆ ಕೂತ್ವಿ. ಮೊಮ್ಮಗಳು ತಾನೇ ಸಾರು ಬಡಿಸ್ಕಂಡು, ಚಿಕ್ಕೋಳಿದ್ದಾಗಿನಂಗೆ ಚಿಪ್ಪು ಚೀಪಿದ್ಲು. ನನ್ನ ಹೊಟ್ಟೆ ತಣ್ಣಗಾಯ್ತು. ಆಮೇಲೆ ಬಾಯಿ ಸುಮ್ನಿರುತ್ತಾ? ಆಗಷ್ಟೆ ಫೋನಲ್ಲಿ ಮೆಸೇಜ್ ಒತ್ತೋದು ಕಲ್ತಿದ್ದೆ. ಎಡಗೈಲೇ ನೆಂಟರ ವಾಟ್ಸಾಪ್ ಗ್ರೂಪಿಗೆ, ಜೀವ ಇರೋ ಏಡಿ ಕಾಲು ಮುರಿಯೋರು ಕಟುಕರು ಅಂತ ಹಾಕ್ಬುಟ್ಟೆ. ಅಣ್ಣನಿಗೂ ಶುರು ಮಾಡಿದೆ. "ಅತ್ತಿಗೇಗೂ ಹೇಳು. ಇನ್ನು ನೀನು, ಅವನ್ನ ಹಂಗೆ ಚೀಲಕ್ಕೆ ತುರುಕಿ ಬಸ್ಸಲ್ಲಿ ತರೋದು ಎಷ್ಟು ತಪ್ಪು ಗೊತ್ತಾ ನಿಂಗೆ?"

ಅಣ್ಣ ಕಡುಬು ಮುರಿದು ಸಾರಿಗೆ ಅದ್ದುತ್ತಾ, ತಲೆ ಎತ್ತದಂಗೆ ಅಂದ: "ನಿಂಗೆ ತಿಳಿಯಕ್ಕೆ ತಲೆಕೂದ್ಲು ಬೆಳ್ಳಗಾಗೋಗಂಟ ಬೇಕಾಯ್ತು. ನಂಗೆ ಈ ಕಡುಬು ಮುಗಿಯೋಗಂಟಾದ್ರೂ ಬುಡು ಮಾರಾಯ್ತಿ."