ಬೇಬಿ ಇಸ್ಮತ್

ಮುಕ್ತಾರನಿಗೆ ಅನುಮಾನವೇ ಅನ್ನ. ಸ್ವೀಡನ್ನಿನ ಹೆಲ್ಸಿಂಗ್‌ಬೋರ್ಯ್‌ನ ಫರ್ನಿಚರ್ ಕಂಪನಿಯೊಂದರ ಆಫೀಸಿನಲ್ಲಿ ಅವನು ಸಾಫ್ಟ್‌ವೇರ್ ಟೆಸ್ಟರ್; ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕಿದರೆ ಸಂಬಳ. ಆ ಬುದ್ಧಿಯನ್ನು ಆಫೀಸಿನಲ್ಲೇ ಬಿಟ್ಟು ಬರುವ ಜಾಯಮಾನ ಅವನದಲ್ಲ. ಹಾಲಿನ ಡಬ್ಬಿಯ ತಾರೀಖು ನೋಡಿದ ಮೇಲೂ ಮೂಸುತ್ತಿದ್ದ. ಬೀಗ ಹಾಕಿ ಮೆಟ್ಟಿಲಿಳಿದವನು ಮತ್ತೆ ಹತ್ತಿ ಬಂದು ಜಗ್ಗಿ ನೋಡುತ್ತಿದ್ದ. ಇಂಥವನ ಕಣ್ಣಿಗೇ, ೨೦೧೪ರ ಚಳಿಗಾಲ ಮುಗಿಯುವ ಹೊತ್ತಿಗೆ, ಹೆಂಡತಿಯ ಫೋನಿನಲ್ಲಿ ಆ ಮೆಸೇಜು ಬೀಳಬೇಕೇ?

‘ಹೇ ಬೇಬಿ! ಶನಿವಾರ ಲುಂಡ್‌ನಲ್ಲಿ ಫೀಕಾ? ನಿನ್ನ ಧ್ವನಿ ಇನ್ನೂ ಕಿವಿಯಲ್ಲೇ ಇದೆ. ಯೋರನ್.’

ಫೋನನ್ನು ಇದ್ದಲ್ಲೇ ಇಟ್ಟು ಎದ್ದ. ಇಸ್ಮತ್ ಆಗ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಏನೋ ಗುನುಗುತ್ತಿದ್ದಳು. ಇವನು ಒಳಗೆ ಕಾಲಿಟ್ಟ ಕೂಡಲೇ ಗುನುಗು ನಿಂತಿತು. ಹದಿನೈದು ವರ್ಷದ ಸಂಸಾರದಲ್ಲಿ ಅವಳು ಗುನುಗಿದ್ದನ್ನೇ ಅವನು ಕೇಳಿರಲಿಲ್ಲ. ಈಗ ಯಾವನೋ ಯೋರನ್ ಬಂದ, ಇವಳಿಗೆ ರಾಗ ಬಂತು! ಯಾರವನು ಅಂತ ಆ ಕ್ಷಣವೇ ಕೇಳಿಬಿಡಬಹುದಿತ್ತು. ಕೇಳಲಿಲ್ಲ. ಕೇಳಿದಾಗ ಅವಳು ಸುಳ್ಳು ಹೇಳದೆ ನಿಜವನ್ನೇ ಹೇಳಿಬಿಟ್ಟರೆ? ಈ ಪರದೇಶದಲ್ಲಿ ಅವಳನ್ನೂ ಮಗಳು ನೌಶೀನಳನ್ನೂ ಬಿಟ್ಟರೆ ಅವನಿಗೆ ಯಾರಿದ್ದರು? ಹೆದರಿಕೆ ಅಂದರೆ ಅದೇ, ಅಪ್ಪಟ ಗಂಡಸಿನ ಹೆದರಿಕೆ.

ಆಫೀಸಿನ ರಾಘವ್ ಹತ್ತಿರ ಬಾಯಿಬಿಟ್ಟ, ಆದರೆ ‘ಒಬ್ಬ ಫ್ರೆಂಡಿನ ಕತೆ’ ಅಂತ. ರಾಘವ್ ನಕ್ಕ. ಇಲ್ಲಿ ಫೀಕಾ ಅಂದರೆ ಕಾಫಿ, ಜೊತೆಗೊಂದು ಬನ್ನು, ಅಷ್ಟೇ. ಬಾಸೂ ಕರೀತಾನೆ, ಪಕ್ಕದ ಮನೆ ಅಜ್ಜಿಯೂ ಕರೀತಾಳೆ ಅಂದ. ಅದು ಮುಕ್ತಾರನಿಗೂ ಗೊತ್ತು. ಆದರೆ ಬಾಸು ಇವತ್ತಿನವರೆಗೆ ಯಾರನ್ನೂ ಬೇಬಿ ಅಂದಿಲ್ಲವಲ್ಲ! ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಅವಳು ಹೊಸ ಸ್ಕಾರ್ಫ್ ಕೊಂಡದ್ದು, ಬಿಸಿನೀರಿಗೆ ಜೇನು ಹಾಕಿ ಕುಡಿಯತೊಡಗಿದ್ದು, ಎಲ್ಲವೂ ಸಾಕ್ಷಿಯೇ ಆಯಿತು.

ಶನಿವಾರ ಇಸ್ಮತ್ ನೌಶೀನಳನ್ನು ಗೆಳತಿಯ ಮನೆಗೆ ಬಿಟ್ಟು, ಲುಂಡ್‌ನಲ್ಲಿ ಸ್ವಲ್ಪ ಕೆಲಸವಿದೆ ಅಂತ ಹೊರಟಳು. ಏನು ಕೆಲಸ ಅಂತ ಹೇಳಲಿಲ್ಲ. ಮುಕ್ತಾರ್ ಉಣ್ಣೆಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಅದೇ ರೈಲಿನ ಕೊನೆಯ ಬೋಗಿ ಹತ್ತಿದ. ಲುಂಡ್ ಸ್ಟೇಷನ್ನಿನ ಹೊರಗೆ ಅವಳು ತಿರುಗಿ ನೋಡಿದಂತಾಯಿತು. ಗಾಬರಿಯಲ್ಲಿ ಸೈಕಲ್ಲುಗಳ ಹಿಂದೆ ಕೂರಲು ಹೋದ. ಒಂದು ಸೈಕಲ್ಲು ಬಿತ್ತು, ಅದು ಇನ್ನೊಂದನ್ನು ಕೆಡವಿತು, ಆ ಸಾಲಿಗೆ ಸಾಲೇ ಅಡ್ಡ ಮಲಗಿತು. ಆ ಊರಲ್ಲಿ ಸೈಕಲ್ಲಿಗೇನು ಬರವೇ! ಎಲ್ಲವನ್ನೂ ಎತ್ತಿ ನಿಲ್ಲಿಸುವಷ್ಟರಲ್ಲಿ ಅವಳು ದೂರ ಹೋಗಿದ್ದಳು. ಓಡಿದ. ಅವಳು ಹಳೇ ರೆಕಾರ್ಡು ಮಾರುವ ಅಂಗಡಿಯೊಳಗೆ ಹೋದದ್ದು ಕಂಡಿತು. ಗಾಜಿನಾಚೆ ನೀಳ ಆಸಾಮಿಯೊಬ್ಬ ಬಗ್ಗಿ ಅವಳನ್ನು ಅಪ್ಪಿಕೊಂಡ. ಮುಕ್ತಾರ್ ಬಾಗಿಲು ದೂಡಿಕೊಂಡು ನುಗ್ಗಿದ.

ಮನೆಯಲ್ಲಿ ಅವರದು ದಖನಿ ಉರ್ದು. ಜಗಳಕ್ಕೆ ಮಾತ್ರ ಕನ್ನಡ. ಅವನು ದಾವಣಗೆರೆಯವನು, ಅವಳು ಬೆಂಗಳೂರಿನ ಕಂಟೋನ್ಮೆಂಟಿನವಳು.

“ಯಾರೇ ಇವನು? ನಿನ್ನ ಬೇಬಿ ಅನ್ನೋಕೆ ಇವನ್ಯಾರು?”

ಆ ಮನುಷ್ಯ, ಅರವತ್ತು ದಾಟಿದ ಬೋಳುತಲೆಯ ರಿಟೈರ್ಡ್ ಪೋಸ್ಟ್‌ಮನ್, ಈಗ ಆ ಅಂಗಡಿಯ ಯಜಮಾನ, ನಗುತ್ತ ಕೈಚಾಚಿ ತಾನು ಯೋರನ್ ಅಂದ. ಬೇಬಿಯ ಗಂಡನನ್ನು ನೋಡಿ ಬಹಳ ಸಂತೋಷವಾಯಿತು ಅಂದ. ಆಮೇಲೆ ಒಂದು ಕ್ಯಾಸೆಟ್ಟು ತಂದು ಅವನ ಕೈಗಿಟ್ಟ. ಮೇಲೆ ಎರಡು ಜಡೆಯ ಹುಡುಗಿಯ ಫೋಟೋ, ಕೆಳಗೆ ಇಂಗ್ಲಿಷಿನಲ್ಲಿ ಹೆಸರು: ಬೇಬಿ ಇಸ್ಮತ್.

ಆಗ ಮುಕ್ತಾರನಿಗೆ ಹೊಳೆಯಿತು. ನಮ್ಮಲ್ಲಿ ಹಾಡುವ ಹುಡುಗಿಯರೆಲ್ಲ ಬೇಬಿಗಳೇ, ಹುಡುಗರೆಲ್ಲ ಮಾಸ್ಟರುಗಳೇ. ಸ್ವೀಡನ್ನಿನವನಿಗೆ ಇದೇನು ಗೊತ್ತು? ಮೊದಲಿಗಿರುವುದೇ ಹೆಸರು ಅಂದುಕೊಂಡು, ಇಲ್ಲಿಯವರು ಎಲ್ಲರನ್ನೂ ಕರೆಯುವಂತೆ ಅದನ್ನೇ ಹಿಡಿದು ಕರೆದಿದ್ದಾನೆ. ಮುಕ್ತಾರ್ ತೊದಲುತ್ತ ವಿವರಿಸಿದ. ಯೋರನ್ ಕಿವಿಯವರೆಗೆ ಕೆಂಪಾಗಿ ಇಬ್ಬರ ಕ್ಷಮೆಯನ್ನೂ ಕೇಳಿದ. ಇಂಗು ತಿಂದ ಮಂಗನಂತೆ ನಿಂತಿದ್ದವನು ಮಾತ್ರ ಮುಕ್ತಾರ್.

ಕತೆಯನ್ನೆಲ್ಲ ಯೋರನ್ನೇ ಹೇಳಿದ. ಇಸ್ಮತ್ ಒಂಬತ್ತು ವರ್ಷದವಳಿದ್ದಾಗ ಪಕ್ಕದ ಮನೆಯಲ್ಲಿ ಗೋಪೀನಾಥ ಅಂತ ಒಬ್ಬರು, ಹೋಟೆಲ್ ಬ್ಯಾಂಡಿನಲ್ಲಿ ಆರ್ಗನ್ ನುಡಿಸುತ್ತಿದ್ದವರು. ಅಮೆರಿಕದ ಕರಿಯರ ಸೋಲ್ ಸಂಗೀತದ ಹುಚ್ಚು. ಓಣಿಯ ಮಕ್ಕಳನ್ನು ಕೂಡಿಸಿ ಹಾಡಿಸುತ್ತಿದ್ದವರು ಈ ಹುಡುಗಿಯ ಗಂಟಲು ಕೇಳಿ ಬೆರಗಾಗಿ, ಕನ್ನಡದಲ್ಲಿ ಸೋಲ್ ಹಾಡು ಕಟ್ಟಿ, ಅವಳೊಬ್ಬಳಿಂದಲೇ ಹಾಡಿಸಿ ಈ ಕ್ಯಾಸೆಟ್ಟು ಹೊರತಂದರು. ಅದರ ಹೆಸರಲ್ಲೇ ಸೋಲಿದೆ, ಗೆಲ್ಲುವುದು ಹೇಗೆ ಅಂತ ಊರಿನ ಅಂಗಡಿಯವರು ನಕ್ಕರಂತೆ. ಈ ಕನ್ನಡದ ಚೇಷ್ಟೆಯನ್ನು ಇಸ್ಮತ್ತೇ ಯೋರನ್‌ಗೆ ಬಿಡಿಸಿ ಹೇಳಿದ್ದಳು. ಯಾರೂ ಕೊಳ್ಳಲಿಲ್ಲ. ಎಷ್ಟೋ ವರ್ಷದ ಮೇಲೆ ಹಳೇ ಮಾಲಿನ ಜೊತೆ ಕೈಗೆ ಸಿಕ್ಕ ಈ ಕ್ಯಾಸೆಟ್ಟಿನ ಚಿತ್ರವನ್ನು ಯೋರನ್ ಇಂಟರ್ನೆಟ್ಟಿಗೆ ಹಾಕಿ, ಈ ಹುಡುಗಿ ಎಲ್ಲಿದ್ದಾಳೆಂದು ಕೇಳಿದ್ದ. ಅದನ್ನು ಕಂಡು ಇಸ್ಮತ್ತೇ ಅವನಿಗೆ ಬರೆದಿದ್ದಳು. ಮತ್ತೊಮ್ಮೆ ಹಾಡಿಸಬೇಕೆಂದು ಅವನ ಆಸೆ.

ಯೋರನ್ ಕ್ಯಾಸೆಟ್ಟನ್ನು ತಿರುವಿ, ಯಾರೂ ಹಾಕದ ಎರಡನೇ ಬದಿಯ ಕೊನೆಯ ಹಾಡು ಹಾಕಿದ. ಬೀದಿಯ ನಲ್ಲಿಯ ಮುಂದೆ ಬಿಂದಿಗೆ ಕಾಯುತ್ತ ಕೂತ ಹುಡುಗಿಯ ಹಾಡು. ‘ನೀರೂ ಬರಲಿಲ್ಲ, ಅಮ್ಮಾನೂ ಬರಲಿಲ್ಲ’ ಅಂತ ಅಷ್ಟೇ ಸಾಲು, ಮತ್ತೆ ಮತ್ತೆ. ಆ ಪುಟ್ಟ ಗಂಟಲು ಅಮ್ಮಾ ಅನ್ನುವಲ್ಲಿ ಒಡೆದು, ಒಡೆದಲ್ಲಿಂದಲೇ ಮೇಲಕ್ಕೆ ಹೋಯಿತು. ಮುಕ್ತಾರನ ಕಣ್ಣು ತುಂಬಿತು. ಎಂಥ ಧ್ವನಿಯನ್ನು ಮನೆಯಲ್ಲಿಟ್ಟುಕೊಂಡು ತಾನು ಹಾಲಿನ ಡಬ್ಬಿ ಮೂಸುತ್ತಿದ್ದೆ ಅಂತ ನಾಚಿಕೆಯಾಯಿತು.

ವಾಪಸು ರೈಲಿನಲ್ಲಿ ಅವರು ಎದುರುಬದುರು ಕೂತರು. ಇದನ್ನೆಲ್ಲ ಯಾಕೆ ಮುಚ್ಚಿಟ್ಟೆ ಅಂತ ಅವನು ಮೆಲ್ಲಗೆ ಕೇಳಿದ.

“ಹೆಣ್ಣು ನೋಡೋಕೆ ಬಂದಾಗ ನೀವೇ ಕೇಳಿದ್ರಿ, ಹಾಡು-ಗೀಡು ಏನಾದ್ರೂ ಇದ್ಯಾ ಅಂತ. ನಮ್ಮಪ್ಪ ಇಲ್ಲ ಅಂದ್ರು. ಅವತ್ತಿಂದ ಇಲ್ಲ.”

ಅವನಿಗೆ ಆ ಮಾತಿನ ನೆನಪೇ ಇರಲಿಲ್ಲ. ಇನ್ನು ಮೇಲೆ ಧಾರಾಳವಾಗಿ ಹಾಡು, ನನಗೆ ನಿನ್ನ ಮೇಲೆ ಒಂದು ಚೂರೂ ಅನುಮಾನವಿಲ್ಲ ಅಂದ. ಮನಸಾರೆ ಅಂದ.

“ನೀವು ಕೇಳೋಕೆ ಬಂದವರಲ್ಲ ರೀ, ಹಿಡಿಯೋಕೆ ಬಂದವರು. ನಿಮ್ಮ ಅನುಮಾನ ಇವತ್ತು ಮುಗೀತು. ನಂದು ಇವತ್ತು ಶುರುವಾಯ್ತು.”

ಅವಳು ಇಯರ್‌ಫೋನ್ ಕಿವಿಗಿಟ್ಟುಕೊಂಡು ಕಿಟಕಿಯ ಕಡೆ ತಿರುಗಿದಳು. ಏನು ಕೇಳುತ್ತಿದ್ದೀ ಅಂತ ಕೇಳುವ ಧೈರ್ಯ ಮುಕ್ತಾರನಿಗೆ ಬರಲಿಲ್ಲ.