ಅಡೆಗೆ ಕೈ ಹಾಕಿದವಳು

ನಾನು ಮೊಬೈಲಿನಲ್ಲಿ ಆಟ ಆಡುವವಳಲ್ಲ. ಐವತ್ತು ದಾಟಿದ ಮೇಲೆ ಬಣ್ಣದ ಗುಂಡು ಒಡೆಯುತ್ತಾ ಕೂರಲು ನನಗೇನು ಹುಚ್ಚೇ? ಆದರೆ ಕೋಲಾರದ ನಮ್ಮ ಆಫೀಸಿನಲ್ಲಿ ಪಕ್ಕದ ಮೇಜಿನವಳು ತೋರಿಸಿದ ಆಟ ಬೇರೆಯೇ ಇತ್ತು. ಒಂದು ಒಣಗಿದ ಕೆರೆ. ಏರಿಯ ಮೇಲೆ ಗುಡಿಸಲು, ಅದರ ಮುಂದೆ ಒಬ್ಬನೇ ಮುದುಕ. ಕೆರೆ ತುಂಬಿದ ದಿನ ದೋಣಿ ಬರುತ್ತದೆ. ಅಲ್ಲಿಯವರೆಗೆ ಅವನು ಕಾಯಬೇಕು. ನಮ್ಮ ಹತ್ತು ತಿಂಗಳೇ ಅವನಿಗೂ ಹತ್ತು ತಿಂಗಳು. ದಿನಕ್ಕೊಮ್ಮೆ ತೆರೆದು ಅವನ ದೀಪಕ್ಕೆ ಎಣ್ಣೆ ಹಾಕಬೇಕು, ನೀರು ಎಷ್ಟು ಬಂತೆಂದು ನೋಡಬೇಕು. ಅಷ್ಟೇ.

ಅಕ್ಕನ ಫೋನಿಗೂ ಹಾಕಿಸಿದೆ. ಅವಳನ್ನು ಕೊಟ್ಟಿದ್ದು ಮುಳಬಾಗಿಲಿನ ಕಡೆ, ದೇವರಾಯಸಮುದ್ರಕ್ಕೆ. ನಾನು ಶ್ರೀನಿವಾಸಪುರದಲ್ಲಿ ಒಬ್ಬಳೇ. ಅಮ್ಮ ತೀರಿಕೊಂಡ ಮೇಲೆ ನಮ್ಮಿಬ್ಬರಿಗೆ ಮಾತಾಡಲು ವಿಷಯವೇ ಉಳಿದಿರಲಿಲ್ಲ. ಹಬ್ಬಕ್ಕೊಮ್ಮೆ ಫೋನು, ಊಟ ಆಯ್ತಾ, ಆಯ್ತು, ಮುಗೀತು. ಅದು ನನ್ನನ್ನು ಕೊರೆಯುತ್ತಿತ್ತು. ಈ ಮುದುಕನ ನೆಪದಲ್ಲಾದರೂ ದಿನಾ ಮಾತಾಡೋಣ ಅನ್ನಿಸಿತು. ಊರಲ್ಲೇ ನಿಜವಾದ ಕೆರೆ ಇರುವಾಗ ಇದನ್ಯಾಕೆ ನೋಡಲಿ ಎಂದು ನಕ್ಕಳು, ಆದರೂ ಒಪ್ಪಿದಳು.

ಒಂದೇ ಕರಾರು. ಫೋನಿನ ತಾರೀಖನ್ನು ಮುಂದಕ್ಕೆ ತಿರುಗಿಸಿದರೆ ಕೆರೆ ಆ ಕ್ಷಣವೇ ತುಂಬಿಬಿಡುತ್ತದಂತೆ. ಅದು ಮಾತ್ರ ಕೂಡದು. ಅದಕ್ಕೆ ನಾವಿಟ್ಟ ಹೆಸರು, ಅಡೆಗೆ ಕೈ ಹಾಕುವುದು. ನಮ್ಮ ಮನೆಯಲ್ಲಿ ಮಾವಿನಕಾಯಿ ಮಂಡಿಗೆ ಹೋದ ಮೇಲೆ, ಮನೆಯ ಪಾಲನ್ನು ಅಮ್ಮ ಹಿಂದಿನ ಕೋಣೆಯಲ್ಲಿ ಹುಲ್ಲು ಹಾಸಿ ಅಡೆ ಹಾಕುತ್ತಿದ್ದಳು. ಹಣ್ಣಿನ ವಾಸನೆ ನಡುಮನೆಗೆ ಬರುವ ತನಕ ಯಾರೂ ಹುಲ್ಲಿನೊಳಗೆ ಕೈ ಇಟ್ಟು ಹಿಸುಕುವಂತಿಲ್ಲ; ಹಿಸುಕಿದ ಕಾಯಿ ಅಲ್ಲೇ ಕೊಳೆತು ಪಕ್ಕದ್ದನ್ನೂ ಕೆಡಿಸುತ್ತದೆ. ಅಕ್ಕ ಪ್ರತಿ ವರ್ಷ ಹಿಸುಕುತ್ತಿದ್ದಳು. ಬೈಸಿಕೊಳ್ಳುತ್ತಿದ್ದವಳು ನಾನು. ಕರಾರು ಮಾಡುವಾಗ ಇದು ನನಗೆ ಜ್ಞಾಪಕಕ್ಕೆ ಬರಬೇಕಿತ್ತು.

ಬೆಳಗಿನ ಬಸ್ಸಿನಲ್ಲಿ ಸೀಟು ಸಿಕ್ಕ ಕೂಡಲೇ ಅವಳಿಗೆ ಫೋನು. ನನ್ನ ಕೆರೆಯಲ್ಲಿ ಪಾದ ಮುಳುಗುವಷ್ಟು ನೀರು ಎಂದರೆ ಅವಳದರಲ್ಲಿ ಮೊಣಕಾಲುದ್ದ. ಇವತ್ತು ಕೊಕ್ಕರೆ ಬಂದಿತ್ತು ಅನ್ನುವಳು. ಮುದುಕ ಕೆಮ್ಮುತ್ತಿದ್ದ ಅನ್ನುವಳು. ನನ್ನ ಮುದುಕ ಒಂದು ದಿನವೂ ಕೆಮ್ಮಲಿಲ್ಲವಲ್ಲ ಎಂದು ನಾನು ಹೊಟ್ಟೆಕಿಚ್ಚು ಪಟ್ಟದ್ದೂ ಉಂಟು. ಹಾಗೇ ಮಾತು ಅವಳ ಹಿಪ್ಪುನೇರಳೆ ತೋಟಕ್ಕೆ, ಮಂಡಿನೋವಿಗೆ, ಅಮ್ಮನಿಗೆ ಹೊರಳುತ್ತಿತ್ತು. ಕೋಲಾರ ಬಂದದ್ದೇ ಗೊತ್ತಾಗುತ್ತಿರಲಿಲ್ಲ.

ದೋಣಿಗೆ ಇನ್ನು ಹದಿನೆಂಟು ದಿನ ಇದೆ ಎನ್ನುವಾಗ, ಅಡೆಯ ಹಣ್ಣು ಚೀಲಕ್ಕೆ ತುಂಬಿಕೊಂಡು ಅವಳ ಮನೆಗೆ ಹೋದೆ. ಅವಳು ಒಳಗೆ ಮುದ್ದೆ ತಿರುವುತ್ತಿದ್ದಳು. ಆ ಕೊಕ್ಕರೆಯನ್ನು ನಾನೂ ನೋಡೋಣ ಎಂದು ಅವಳ ಫೋನು ಎತ್ತಿಕೊಂಡೆ. ಎಲ್ಲ ಕಡೆ ಹುಡುಕಿದೆ. ಆಟವೇ ಇರಲಿಲ್ಲ.

ಕೇಳಿದಾಗ ಮುದ್ದೆ ಕೋಲು ಹಿಡಿದೇ ನಿಂತಳು. ಮೂರನೇ ವಾರದಲ್ಲೇ ತಾರೀಖು ತಿರುಗಿಸಿದ್ದಳಂತೆ. ದೋಣಿ ಬಂತಂತೆ, ಬರೀ ಖಾಲಿ ದೋಣಿ. ಫೋನಿನಲ್ಲಿ ಜಾಗ ಸಾಲದೆ ಆಟವನ್ನು ಅವತ್ತೇ ತೆಗೆದುಹಾಕಿದಳಂತೆ. ಕೊಕ್ಕರೆ, ಕೆಮ್ಮು ಎಲ್ಲ ಅವಳೇ ಕಟ್ಟಿ ಹೇಳಿದ್ದು. ಸಾಲದ್ದಕ್ಕೆ ಆಟದ ಕೊನೆಯನ್ನೂ ಹೇಳಿ ಮುಗಿಸಿದಳಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು.

"ಮತ್ತೆ ಒಂಬತ್ತು ತಿಂಗಳು ಯಾಕೆ ಸುಳ್ಳು ಹೇಳ್ದೆ?"

"ನೀನು ದಿನಾ ಫೋನ್ ಮಾಡ್ತಿದ್ದೆ ಕಣೇ. ಒಬ್ಬಳೇ ಇದ್ದೀಯ, ಪಾಪ ಅನ್ನಿಸ್ತು."

ಪಾಪವಂತೆ! ನಾವಿಬ್ಬರೂ ಜೊತೆಗೆ ಕಾಯುತ್ತಿದ್ದೇವೆ ಎಂದು ನಾನು ನಂಬಿದ್ದೆ. ಅವಳು ದಿನಾ ಬೆಳಗ್ಗೆ ನನಗೆ ಭಿಕ್ಷೆ ಹಾಕುತ್ತಿದ್ದಳು. ತಾರೀಖು ತಿರುಗಿಸಿದ್ದನ್ನು ಕ್ಷಮಿಸುತ್ತಿದ್ದೆ, ಅವಳ ಕೈ ನನಗೆ ಹೊಸದಲ್ಲ. ಆ ಕನಿಕರವನ್ನು ಮಾತ್ರ ನುಂಗಲಾಗಲಿಲ್ಲ. ಇಕ್ಕಟ್ಟಾದಾಗ ತೆಲುಗಿಗೆ ಹೊರಳುವುದು ಅವಳ ಅಭ್ಯಾಸ. "ಪೋನೀಲೇ, ಆಟೇ ಕದಾ" ಎಂದಳು, ಹೋಗಲಿ ಬಿಡು, ಆಟ ತಾನೇ ಎಂದು. ನಾನು ಊಟಕ್ಕೆ ನಿಲ್ಲದೆ ಬಸ್ಸು ಹತ್ತಿದೆ.

ಹದಿನೆಂಟು ದಿನ ಫೋನು ಮಾಡಲಿಲ್ಲ. ಮುದುಕನ ದೀಪಕ್ಕೆ ಮಾತ್ರ ಎಣ್ಣೆ ತಪ್ಪಿಸಲಿಲ್ಲ. ಕೊನೆಯ ಬೆಳಗ್ಗೆ ಬಸ್ಸಿನಲ್ಲಿ ಕೂತು ತೆರೆದೆ. ನೀರು ಏರಿಯ ಅಂಚಿಗೆ ಬಂದಿತ್ತು, ದೋಣಿಯೂ ಬಂತು. ಖಾಲಿ ಇರಲಿಲ್ಲ. ಒಬ್ಬಳು ಮುದುಕಿ ಇಳಿದು, ಸೆರಗು ಹಿಂಡಿಕೊಂಡು, ಅವನ ಪಕ್ಕ ಕೂತಳು. ಆಟ ಮಾಡಿದವರು ಕಾದವರಿಗೆಂದೇ ಬೇರೆ ಕೊನೆ ಇಟ್ಟಿದ್ದರು. ನನಗೆ ಅಳು ಬಂತು. ಪಕ್ಕದ ಸೀಟಿನವರು ನೋಡುತ್ತಿದ್ದರೂ ಅತ್ತೆ.

ಅಷ್ಟರಲ್ಲಿ ಅಕ್ಕನ ಫೋನು. ಅವಳೂ ದಿನ ಲೆಕ್ಕ ಇಟ್ಟಿದ್ದಳು.

"ಬಂತಾ ದೋಣಿ?"

ಹೇಳಬಹುದಿತ್ತು. ಬಾಯಿಯ ತನಕ ಬಂದಿತ್ತು.

"ಬಂತು. ನೀನು ಹೇಳಿದಂಗೇ, ಖಾಲಿ."

ನಾನು ಹೇಳಲಿಲ್ಲವಾ ಎಂದಳು. ದನಿಯಲ್ಲಿ ನೆಮ್ಮದಿ ಇತ್ತು. ಆಮೇಲೆ ಊಟ ಆಯ್ತಾ ಎಂದು ಕೇಳಿದಳು. ಆಯ್ತು ಎಂದೆ.