ಆಮೇಲೆ ಅಂಟಿಸಿದ ಚೀಟಿ

ಆ ಡಬ್ಬಿಯ ಮೇಲೆ ಚೀಟಿ ಇರಲಿಲ್ಲ. ಅದನ್ನು ಅಂಟಿಸಿದವನು ನಾನು — ಹಮಾಲರನ್ನು ಆಸ್ಪತ್ರೆಗೆ ಕಳಿಸಿದ ಮೇಲೆ. ಬೆಳಿಗ್ಗೆಯಿಂದಲೇ ಅದು ಅಲ್ಲಿತ್ತು ಎಂದು ಎಲ್ಲರೆದುರು ಹೇಳಿದವನೂ ನಾನೇ. ಇಷ್ಟು ವರ್ಷ ಈ ಸುಳ್ಳನ್ನು ಹೊತ್ತು ತಿರುಗಿ ದಣಿದಿದ್ದೇನೆ. ನನ್ನ ದಣಿವು ಯಾರಿಗೆ ಬೇಕು — ಹೇಳಬೇಕಾಗಿದ್ದದ್ದು ಆವತ್ತೇ.

ಬಂಕಾಪುರದ ಹತ್ತಿರ, ಹೆದ್ದಾರಿಯ ಪಕ್ಕ, ಮೆಣಸಿನಕಾಯಿ ಇಡುವ ಒಂದು ಕೋಲ್ಡ್ ಸ್ಟೋರೇಜ್‌ನಲ್ಲಿ ನಾನು ಯಂತ್ರಗಳ ಉಸ್ತುವಾರಿ ನೋಡುತ್ತಿದ್ದೆ. ಕೋಣೆಗಳನ್ನು ತಂಪಾಗಿಡುವ ನೀರು ಕಬ್ಬಿಣದ ಪೈಪುಗಳಲ್ಲಿ ಸುತ್ತುತ್ತಲೇ ಇರುತ್ತದೆ. ಪೈಪು ತುಕ್ಕು ಹಿಡಿಯದಿರಲೆಂದು ಆ ನೀರಿನಲ್ಲಿ ಸೋಡಿಯಂ ನೈಟ್ರೈಟ್ ಕರಗಿಸುತ್ತಿದ್ದೆವು. ಕಬ್ಬಿಣದ ಮೇಲೆ ಕಣ್ಣಿಗೆ ಕಾಣದ ತೆಳುವಾದ ಪೊರೆ ಮೂಡಿಸಿ ಅದು ಪೈಪನ್ನು ಕಾಯುತ್ತದೆ. ಆದರೆ ಮನುಷ್ಯನ ರಕ್ತದಲ್ಲೂ ಕಬ್ಬಿಣವಿದೆಯಲ್ಲ — ಅದನ್ನು ಕೆಡಿಸುತ್ತದೆ. ರಕ್ತ ಆಮ್ಲಜನಕ ಹೊರುವುದನ್ನೇ ಬಿಡುತ್ತದೆ. ತುಟಿ, ಉಗುರು ನೀಲಿಯಾಗುತ್ತವೆ. ನೋಡಲು ಉಪ್ಪಿನ ಹಾಗೆಯೇ ಇರುತ್ತದೆ, ರುಚಿಯೂ ಹೆಚ್ಚುಕಡಿಮೆ ಉಪ್ಪೇ. ಇದೆಲ್ಲ ನನಗೆ ಗೊತ್ತಿತ್ತು. ರಸಾಯನಶಾಸ್ತ್ರ ಓದಿದವನು ಅಲ್ಲಿ ನಾನೊಬ್ಬನೇ.

ಹಮಾಲರಿಗೆ ನಾಷ್ಟಾ, ಊಟ ಮಾಡಿ ಹಾಕುತ್ತಿದ್ದವಳು ರುಕ್ಮವ್ವ. ದಲಿತ ಕೇರಿಯ ವಿಧವೆ. ಅವಳು ಕೆಲಸಕ್ಕೆ ಬಂದ ಹೊಸದರಲ್ಲಿ ಕೆಲವರು ಮನೆಯಿಂದ ಬುತ್ತಿ ತರತೊಡಗಿದ್ದರು. ಆಗ ಲಿಂಗಾಯತ ಮನೆತನದ ನಾನು ಮೊದಲ ತಾಟು ಹಿಡಿದು ಎಲ್ಲರ ನಡುವೆ ಕೂತು ಉಂಡಿದ್ದೆ. ಆ ಬಗ್ಗೆ ನನಗೆ ಎಷ್ಟು ಹೆಮ್ಮೆ ಇತ್ತೆಂದರೆ — ಇರಲಿ.

ಮಳೆಗಾಲ. ಸ್ಟೋರ್ ರೂಮು ಸೋರುತ್ತಿತ್ತು. ನೈಟ್ರೈಟ್ ತೇವ ಹೀರಿ ಗಟ್ಟಿಯಾಗುತ್ತದೆ. ಅದರ ಚೀಲವೂ ಹರಿದಿತ್ತು. ಉಳಿದದ್ದನ್ನು ಒಂದು ಖಾಲಿ ಡಬ್ಬಿಗೆ ಸುರಿದು, ತೇವವಿಲ್ಲದ ಜಾಗವೆಂದು ಅಡುಗೆಮನೆಯಲ್ಲಿ ಇಟ್ಟೆ. ಹೆಸರು ಬರೆಯಬೇಕು ಅನ್ನಿಸಿತು. ನಾಳೆ ಬರೆದರಾಯಿತು ಎಂದುಕೊಂಡೆ.

ಮರುದಿನ ಬೆಳಿಗ್ಗೆ ನಾನು ಫೋನಿನಲ್ಲಿ ಮಾತಾಡುತ್ತ ಅಂಗಳದಲ್ಲಿ ನಿಂತಿದ್ದೆ. ರುಕ್ಮವ್ವ ಬಾಗಿಲಿಗೆ ಬಂದಳು.

“ಸರ್ರ, ಉಪ್ಪು ಮುಗದೈತ್ರಿ. ಈ ಡಬ್ಯಾಗಿಂದೂ ಉಪ್ಪ ಏನ್ರಿ?”

ನಾನು ತಿರುಗಿಯೂ ನೋಡಲಿಲ್ಲ. “ಹೂಂ” ಅಂದೆ.

ಉಪ್ಪಿಟ್ಟು ತಿಂದು ಸ್ವಲ್ಪ ಹೊತ್ತಿಗೇ ಹಿರಿಯ ಹಮಾಲ ಮಾಬುಸಾಬ ತಲೆ ತಿರುಗುತ್ತದೆಂದು ನೆಲಕ್ಕೆ ಕುಳಿತ. ಅವನ ತುಟಿಯ ಬಣ್ಣ ಕಂಡ ಕೂಡಲೇ ನನಗೆ ತಿಳಿದುಹೋಯಿತು. ಆಮೇಲೆ ಒಬ್ಬೊಬ್ಬರಾಗಿ ಉಳಿದವರೂ... ಜೀಪಿನಲ್ಲಿ ಎಲ್ಲರನ್ನೂ ಹುಬ್ಬಳ್ಳಿಯ ಆಸ್ಪತ್ರೆಗೆ ಕಳಿಸಿ ನಾನು ಅಲ್ಲೇ ಉಳಿದೆ. ಹೊಟ್ಟೆಗೆ ಹೋದದ್ದು ನೈಟ್ರೈಟ್ ಇರಬೇಕೆಂದು ಫೋನ್ ಮಾಡಿ ಡಾಕ್ಟರಿಗೆ ತಿಳಿಸಿದೆ. ಅವರು ನರಕ್ಕೆ ನೀಲಿ ಔಷಧ ಕೊಟ್ಟರು, ಎಲ್ಲರೂ ಬದುಕಿದರು. ಇದನ್ನು ನನ್ನ ಪರವಾಗಿ ಹೇಳುತ್ತಿಲ್ಲ. ಏಕೆಂದರೆ ಆ ಫೋನ್ ಇಟ್ಟ ಮೇಲೆ ನಾನು ಮಾಡಿದ್ದು ಬೇರೆಯೇ.

ರುಕ್ಮವ್ವನೂ ನಾನೂ ಇನ್ನೂ ತಿಂದಿರಲಿಲ್ಲ; ಬಿದ್ದವರನ್ನು ನೋಡಿಕೊಳ್ಳಲು ಅವಳು ಜೀಪಿನಲ್ಲಿ ಹೋಗಿದ್ದಳು. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಉಳಿದ ಉಪ್ಪಿಟ್ಟನ್ನು ನೀರಿನಲ್ಲಿ ಕದಡಿ ಸೋಸಿ, ಪೈಪಿನ ನೀರು ಪರೀಕ್ಷಿಸುವ ಔಷಧವನ್ನು ಅದಕ್ಕೆ ಹನಿಸಿದೆ. ನೈಟ್ರೈಟ್ ಇದ್ದರೆ ಗುಲಾಬಿಯಾಗುತ್ತದೆ. ಆಯಿತು — ನೋಡನೋಡುತ್ತಿದ್ದಂತೆ ಕೆಂಪಿಗೆ ತಿರುಗಿತು. ಅದನ್ನು ಮೋರಿಗೆ ಚೆಲ್ಲಿದೆ. ಒಂದು ಕಾಗದದ ಮೇಲೆ ದಪ್ಪ ಅಕ್ಷರಗಳಲ್ಲಿ “ವಿಷ” ಎಂದು ಬರೆದು ಡಬ್ಬಿಗೆ ಅಂಟಿಸಿದೆ.  

ಮಾಲೀಕರು ವಿಚಾರಣೆಗೆ ಕೂತಾಗ ರುಕ್ಮವ್ವ ಹೇಳಿದಳು: “ಮುಂಜಾನೆ ಚೀಟಿ ಇರಲಿಲ್ರಿ. ಸರ್ರನ್ನ ಕೇಳೇ ಹಾಕೇನ್ರಿ.”

“ಚೀಟಿ ಮೊದ್ಲಿಂದ ಐತ್ರಿ. ಇಕಿ ನನ್ನ ಏನೂ ಕೇಳಿಲ್ಲ” ಅಂದೆ.

ಅವಳು ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ಏನನ್ನೋ ನೆನಪು ಮಾಡಿಕೊಳ್ಳಲು ಒದ್ದಾಡುವವರ ಹಾಗೆ — ಆ ನೋಟ. ಹಿಂದಿನಿಂದ ಯಾರೋ ಅಂದರು, “ಇಂಥವರ ಕೈಯಾಗ ಅಡಗಿ ಕೊಡಬ್ಯಾಡ್ರಿ ಅಂತ ಆಗಲೇ ಹೇಳಿದ್ವಿ.” ಅದಕ್ಕೂ ನಾನು ಬಾಯಿ ಬಿಡಲಿಲ್ಲ.

ರುಕ್ಮವ್ವನ ಕೆಲಸ ಹೋಯಿತು. ಅವಳು ಮಗನ ಮನೆಗೆಂದು ಹಂಸಭಾವಿಗೆ ಹೋದಳು. ಅಲ್ಲಿ ಶಾಲೆಯ ಅಡುಗೆ ಕೆಲಸ ಸಿಗುವುದರಲ್ಲಿತ್ತಂತೆ. ವಿಷ ಹಾಕಿದವಳೆಂಬ ಸುದ್ದಿ ಅವಳಿಗಿಂತ ಮುಂಚೆ ಊರು ಮುಟ್ಟಿತ್ತು. ಕೇಳಿದೆ, ಸುಮ್ಮನಿದ್ದೆ. ನಿವೃತ್ತನಾಗಿ ಹಾನಗಲ್ಲಿಗೆ ಬಂದೆ, ಆಗಲೂ ಸುಮ್ಮನಿದ್ದೆ.

ಈಚೆಗೆ ಶಿಗ್ಗಾಂವಿಯ ಬಸ್ ಸ್ಟ್ಯಾಂಡಿನಲ್ಲಿ ಮಾಬುಸಾಬ ಸಿಕ್ಕ. ಮಾತು ಅಲ್ಲಿಗೇ ಹೋಯಿತು. “ಅಕಿ ನನ್ನ ತಲಿ ತೊಡಿ ಮ್ಯಾಲ ಇಟ್ಟಕೊಂಡು ಹುಬ್ಬಳ್ಳಿ ಮುಟ್ಟೂತನಕಾ ಅತ್ತಳ್ರಿ. ಓದಾಕ ಬರತಿತ್ತು ಅಕಿಗೆ. ಆ ಚೀಟಿ ಹೆಂಗ ಕಾಣಲಿಲ್ಲೋ ಏನೋ” ಅಂದ. 

ಮರುದಿನ ಹಂಸಭಾವಿಗೆ ಹೋದೆ. ರುಕ್ಮವ್ವ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದಳು. ನಿಂತೇ ಹೇಳಿದೆ, ಎಲ್ಲವನ್ನೂ.

“ಹಂಗಾರ ಚೀಟಿ ಇರಲಿಲ್ಲ?”

“ಇರಲಿಲ್ಲ.”

“ನಾ ಕೇಳಿದ್ದೆ?”

“ಕೇಳಿದ್ದಿ. ನಾ ಹೂಂ ಅಂದಿದ್ದೆ.”

ಅವಳು ಶೇಂಗಾ ಸುಲಿಯುವುದನ್ನು ನಿಲ್ಲಿಸಿದಳು. “ನನಗ ಈಗ ಕಣ್ಣ ಮುಚ್ಚಿದ್ರ ಆ ಚೀಟಿ ಕಾಣತೈತ್ರಿ” ಅಂದಳು. “ನೀವೆಲ್ಲಾ ಇತ್ತು ಇತ್ತು ಅಂದು, ನನಗೂ ಕಾಣಾಕ ಹತ್ತಿತು. ನಾನ ನೋಡದ ಹಾಕಿದೆ ಅಂತ... ಮೊಮ್ಮಗಗ ಹಾಲು ಕಾಸಾಕೂ ಅಂಜತೇನಿ.”

ಆಮೇಲೆ ಒಳಗಿನಿಂದ ಸೊಸೆಯನ್ನು ಕರೆದಳು. “ಈಗ ಹೇಳಿದ್ದು ಇಕಿ ಮುಂದ ಹೇಳ್ರಿ.” ಹೇಳಿದೆ. ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತೆಯ ಪಕ್ಕ ಕುಸಿದು ಕೂತಳು. ರುಕ್ಮವ್ವ ನನ್ನ ಕಡೆ ನೋಡದೆ ಅಂದಳು, “ಉಪ್ಪಿಟ್ಟು ತಿಂದವರ ಮುಂದೂ ಹೇಳ್ರಿ. ಈಗ ಹೋಗ್ರಿ.”

ಮಾಬುಸಾಬನಿಗೆ ಹೇಳಿದ್ದಾಯಿತು. ಅವನು ಬೈಯುತ್ತಾನೆಂದು ಕಾದೆ. ಬೈಯಲಿಲ್ಲ. “ಒಮ್ಮಿ ಹಿರೇಕೆರೂರ ಸಂತ್ಯಾಗ ಸಿಕ್ಕಿದ್ದಳ್ರಿ. ಚಾ ಕುಡಿ ಬಾ ಅಂದಳು. ಅಕಿ ಕೈಯಾಗಿಂದು ಒಲ್ಲೆ ಅಂದು ಬಂದೇನಿ” ಅಂದ. ಅಷ್ಟು ಹೇಳಿ ಎದ್ದು ಹೋದ.

ಆವತ್ತು ಉಪ್ಪಿಟ್ಟು ತಿಂದ ಇನ್ನೊಬ್ಬ ಹಮಾಲ ಸವಣೂರಿನಲ್ಲಿದ್ದಾನೆ. ನಾಳೆ ಬೆಳಿಗ್ಗೆಯ ಬಸ್ಸಿಗೆ ಹೋಗುತ್ತೇನೆ.